ರೋಜರ್ಸ್‌ಗಾಗಿ ಸ್ಟೀಲರ್ಸ್ ಕಾಯಬೇಕಾ?

2025ರ ಮೇ ಮುಗಿಯುತ್ತಾ ಬಂತು. ಅಮೆರಿಕನ್ ಫುಟ್‌ಬಾಲ್ ನೋಡುವವರ ಬಾಯಲ್ಲಿ ಒಂದೇ ಮಾತು: ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, 41 ವರ್ಷದ ಆರನ್ ರೋಜರ್ಸ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಬರುತ್ತಾರಾ, ಇಲ್ವಾ? ಅವರನ್ನು ತಗೊಳ್ಳಬೇಕಾ ಅನ್ನುವುದು ಬೇರೆಯದೇ ಪ್ರಶ್ನೆ.

ಪರ

ತಂಡದ ಕೈಯಲ್ಲಿ ಈಗ ಯಾರಿದ್ದಾರೆ ನೋಡಿ. ಕಳೆದ ವರ್ಷದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ರಸೆಲ್ ವಿಲ್ಸನ್ ಜೈಂಟ್ಸ್ ತಂಡಕ್ಕೆ ಹೋದರು, ಜಸ್ಟಿನ್ ಫೀಲ್ಡ್ಸ್ ಜೆಟ್ಸ್ ತಂಡಕ್ಕೆ ಹೋದರು. ಈಗ ಮುಖ್ಯವಾಗಿ ಇರುವುದು ಮೇಸನ್ ರುಡಾಲ್ಫ್, ಜೊತೆಗೆ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) ಆರನೇ ಸುತ್ತಿನಲ್ಲಿ ಸಿಕ್ಕ ಹೊಸ ಹುಡುಗ ವಿಲ್ ಹೊವಾರ್ಡ್. ಇವರನ್ನೇ ನಂಬಿಕೊಳ್ಳುವುದಾದರೆ ಅಷ್ಟೊಂದು ದುಡ್ಡು ಸುರಿದು ಸಿಯಾಟಲ್‌ನಿಂದ, ಎಸೆದ ಚೆಂಡು ಹಿಡಿಯುವ ಡಿಕೆ ಮೆಟ್‌ಕಾಫ್ ಅವರನ್ನು ತಂದಿದ್ದು ಯಾಕೆ? ಚೆಂಡು ಎಸೆಯುವವರು ಬೇಕಲ್ವಾ?

ರೋಜರ್ಸ್ ಕಥೆ ಮುಗಿಯಿತು ಅನ್ನುವವರು ಕಳೆದ ಸೀಸನ್ ನೋಡಲಿ. 2023ರಲ್ಲಿ ಜೆಟ್ಸ್ ಪರ ಮೊದಲ ಪಂದ್ಯ ಶುರುವಾಗಿ ನಾಲ್ಕು ಪ್ಲೇ ಆಗುವಷ್ಟರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ಮೈದಾನ ಬಿಟ್ಟವರು, ಮರುವರ್ಷ 17 ಪಂದ್ಯಗಳನ್ನೂ ಆಡಿ 28 ಟಚ್‌ಡೌನ್ ಪಾಸ್ (ಆರು ಅಂಕ ತರುವ ಎಸೆತ) ಎಸೆದರು. ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಗೆ ಸಿಕ್ಕ ಎಸೆತ, 11 ಮಾತ್ರ. ಜೆಟ್ಸ್ ಅವರನ್ನು ಬಿಟ್ಟುಬಿಟ್ಟಿದೆ, ಹಾಗಾಗಿ ಬದಲಿಗೆ ಡ್ರಾಫ್ಟ್ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಸರದಿ) ಏನೂ ಕೊಡಬೇಕಿಲ್ಲ. ಒಂದು ವರ್ಷದ ಒಪ್ಪಂದ ಸಾಕು.

ಇನ್ನು ಎದುರಾಳಿಯನ್ನು ತಡೆಯುವ ಡಿಫೆನ್ಸ್. ಟಿ.ಜೆ. ವಾಟ್‌ಗೆ 30, ಕ್ಯಾಮರನ್ ಹೇವರ್ಡ್‌ಗೆ 36. ಇವರು ಹೀಗೆ ಆಡುವುದು ಇನ್ನೆಷ್ಟು ವರ್ಷ? ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 43ನೇ ವಯಸ್ಸಿನಲ್ಲಿ ಟಾಂಪಾ ಬೇ ತಂಡಕ್ಕೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟಿಲ್ವಾ?

ವಿರೋಧ

ಬ್ರೇಡಿ ಹೆಸರು ಬಂದೇ ಬರುತ್ತೆ ಅಂತ ಗೊತ್ತಿತ್ತು. ಆದರೆ ಬ್ರೇಡಿ 2020ರ ಮಾರ್ಚ್‌ನಲ್ಲೇ ಸಹಿ ಹಾಕಿದ್ದರು. ರೋಜರ್ಸ್ ಕಡೆಯಿಂದ ಹ್ಞೂಂ ಇಲ್ಲ, ಊಹೂಂ ಇಲ್ಲ. ವೈಯಕ್ತಿಕ ಕಾರಣ ಇದೆ ಅಂದಿದ್ದಾರೆ, ಸರಿ, ಅದನ್ನು ಕೆದಕುವುದು ಬೇಡ. ಆದರೂ ಒಂದಿಡೀ ತಂಡ ಒಬ್ಬರ ಫೋನಿಗಾಗಿ ಕಾಯುತ್ತಾ ಕೂರುವುದು ಚೆನ್ನಾಗಿಲ್ಲ.

ಇನ್ನೊಬ್ಬ ಹಿರಿಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅವರನ್ನೂ ನೆನಪಿಸಿಕೊಳ್ಳಿ. 2009ರಲ್ಲಿ, 40ನೇ ವಯಸ್ಸಿನಲ್ಲಿ, ವೈಕಿಂಗ್ಸ್ ಪರ 33 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಮರುವರ್ಷ 11 ಟಚ್‌ಡೌನ್, 19 ಇಂಟರ್‌ಸೆಪ್ಷನ್! ಈ ವಯಸ್ಸಿನಲ್ಲಿ ಹಿಂದಿನ ಸೀಸನ್ ಅಂಕಿ ಹಿಡಿದು ಮುಂದಿನದನ್ನು ಹೇಳಲು ಆಗಲ್ಲ. ಅಲ್ಲದೆ ರೋಜರ್ಸ್ 28 ಟಚ್‌ಡೌನ್ ಎಸೆದ ಆ ವರ್ಷ ಜೆಟ್ಸ್ ಗೆದ್ದಿದ್ದು ಐದು ಪಂದ್ಯ, ಸೋತಿದ್ದು 12.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಬೇರೆ ವಿಷಯ. ಮೈಕ್ ಟಾಮ್ಲಿನ್ 2007ರಲ್ಲಿ ಕೋಚ್ ಆದ ಮೇಲೆ ಸ್ಟೀಲರ್ಸ್ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಹೆಚ್ಚು ಸೋಲು ಕಂಡಿಲ್ಲ. ಹೆಮ್ಮೆಯ ಮಾತೇ. ಆದರೆ ಕೊನೆಯ ಬಾರಿ ಪ್ಲೇಆಫ್ (ಸೋತರೆ ಹೊರಬೀಳುವ ಅಂತಿಮ ಹಂತ) ಪಂದ್ಯ ಗೆದ್ದಿದ್ದು 2017ರ ಜನವರಿಯಲ್ಲಿ. ಕಳೆದ ವರ್ಷವೂ ವಿಲ್ಸನ್ ಅನ್ನುವ ಹಳೇ ಹುಲಿಯನ್ನು ತಂದು 10 ಪಂದ್ಯ ಗೆದ್ದರು, ಆಮೇಲೆ ಪ್ಲೇಆಫ್ ಸೇರಿ ಕೊನೆಯ ಐದೂ ಪಂದ್ಯ ಸಾಲಾಗಿ ಸೋತರು. ಈ ಲೀಗ್‌ನಲ್ಲಿ ಸೋತವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಸರದಿ, ಆದ್ದರಿಂದ ಪ್ರತಿ ವರ್ಷ ಒಂಬತ್ತೋ ಹತ್ತೋ ಗೆದ್ದು ನಡುವಿನಲ್ಲೇ ನಿಲ್ಲುವ ತಂಡಕ್ಕೆ ಕಪ್ಪೂ ಇಲ್ಲ, ಒಳ್ಳೆಯ ಹುಡುಗನೂ ಇಲ್ಲ. ತಂಡದ ಹಿಂದಿನ ಕ್ವಾರ್ಟರ್‌ಬ್ಯಾಕ್ ರಾತ್‌ಲಿಸ್‌ಬರ್ಗರ್ ನಿವೃತ್ತಿಯಾದ ಮೇಲೆ 2022ರಲ್ಲಿ 20ನೇ ಸರದಿಯಲ್ಲಿ ಆರಿಸಿದ ಕ್ವಾರ್ಟರ್‌ಬ್ಯಾಕ್ ಕೆನಿ ಪಿಕೆಟ್ ಎರಡೇ ವರ್ಷಕ್ಕೆ ಫಿಲಡೆಲ್ಫಿಯಾಗೆ ಹೋದರು.

ರೋಜರ್ಸ್ ಬಂದರೆ ಮತ್ತೊಂದು ಹತ್ತು ಗೆಲುವು ಬರಬಹುದು. ಅದೇ ನನ್ನ ತಕರಾರು. 2026ರ ಡ್ರಾಫ್ಟ್ ನಡೆಯುವುದು ಪಿಟ್ಸ್‌ಬರ್ಗ್‌ನಲ್ಲೇ. ಅಲ್ಲಿ ತಮ್ಮೂರ ಜನರ ಎದುರು ಈ ವರ್ಷದ ಹಾಗೆ 21ನೇ ಸರದಿಗೆ ಕಾಯುವ ಬದಲು, ರುಡಾಲ್ಫ್‌ಗೆ ಚೆಂಡು ಕೊಡಿ, ಹೊವಾರ್ಡ್‌ಗೂ ಕೆಲವು ಪಂದ್ಯ ಕೊಡಿ, ಸೋತರೆ ಸೋಲಿ.