ಒಮ್ಮತದ ನಿಯಮವೊಂದನ್ನೇ ದೂರಿದರೆ ಸಾಲದು
ಒಮ್ಮತದ ನಿಯಮದಿಂದಾಗಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ, ಅಂದರೆ ಒಎಸ್‌ಸಿಇ, ನಿಷ್ಪ್ರಯೋಜಕವಾಗಿದೆ, ಅಲ್ಲಿ ಬಹುಮತದ ಪದ್ಧತಿ ಬರಬೇಕು ಎಂದು ವಾದಿಸುವ ಲೇಖನವನ್ನು ಓದಿದೆ; ಲೇಖಕರ ತೀರ್ಮಾನ ತುಸು ಅವಸರದ್ದೆನಿಸಿತು. 57 ದೇಶಗಳ ಈ ಸಂಘಟನೆಯಲ್ಲಿ ನಿರ್ಧಾರಗಳು ಒಮ್ಮತದಿಂದಲೇ ಆಗಬೇಕಾದ್ದರಿಂದ, ಯುದ್ಧ ಹೂಡಿದ ರಷ್ಯಾಕ್ಕೂ ತಡೆಯೊಡ್ಡುವ ಅವಕಾಶವಿದೆ ಎಂಬುದು ನಿಜ. 2014ರಿಂದ ಉಕ್ರೇನಿನಲ್ಲಿದ್ದ ವಿಶೇಷ ವೀಕ್ಷಣಾ ತಂಡದ ಅವಧಿ 2022ರ ಮಾರ್ಚ್‌ನಲ್ಲಿ ವಿಸ್ತರಣೆ ಸಿಗದೆ ಮುಗಿದದ್ದೂ, 2024ರ ಅಧ್ಯಕ್ಷತೆ ಎಸ್ಟೋನಿಯಾಕ್ಕೆ ತಪ್ಪಿ ಮಾಲ್ಟಾದ ಪಾಲಾದದ್ದೂ ರಷ್ಯಾದ ಇಂಥ ತಡೆಯಿಂದಲೇ. ಆದರೆ ಶೀತಲ ಸಮರದ ನಡುವೆ, 1975ರಲ್ಲಿ, ಸೋವಿಯತ್ ಒಕ್ಕೂಟ ಮತ್ತು ಅಮೆರಿಕ ಸೇರಿದಂತೆ 35 ದೇಶಗಳು ಹೆಲ್ಸಿಂಕಿಯಲ್ಲಿ, ಈ ಸಂಘಟನೆಗೆ ಬುನಾದಿಯಾದ ಒಂದೇ ದಾಖಲೆಗೆ ಸಹಿ ಹಾಕಿದ್ದು ಇದೇ ನಿಯಮದಡಿ ಎಂಬುದನ್ನು ಲೇಖನ ಪ್ರಸ್ತಾಪಿಸಿಯೇ ಇಲ್ಲ. ಗಡಿಗಳನ್ನು ಬಲಪ್ರಯೋಗದಿಂದ ಬದಲಿಸಬಾರದೆಂಬ ಆ ದಾಖಲೆಯ ತತ್ತ್ವ ಉಕ್ರೇನಿನ ವಾದಕ್ಕೆ ಇಂದಿಗೂ ಆಧಾರ. ಬಹುಮತದ ಪದ್ಧತಿ ತಂದು ರಷ್ಯಾ ಹೊರನಡೆದರೆ, ನಾಳೆ ಕದನ ವಿರಾಮವಾದಾಗ ಎರಡೂ ಕಡೆಯವರು ಒಪ್ಪುವ ವೀಕ್ಷಕರನ್ನು ಎಲ್ಲಿಂದ ತರಬೇಕು ಎಂಬುದನ್ನೂ ಲೇಖಕರು ವಿವರಿಸಬೇಕಿತ್ತು.