ಅಪ್ಪನ ಸ್ಕೋರ್ 12

ಅಪ್ಪ ಡಿಸ್ಚಾರ್ಜ್ ಆಗಿ ಕಾಪುವಿನ ಮನೆಗೆ ಬಂದದ್ದು ಜೂನ್ ಕೊನೆಗೆ. 19ನೇ ದಿನ ರಾತ್ರಿ, ಸುರಿಯುವ ಮಳೆಯಲ್ಲಿ, ಮತ್ತೆ ಅದೇ ಎಮರ್ಜೆನ್ಸಿ, ಅದೇ ಆಕ್ಸಿಜನ್. ಹಾರ್ಟ್ ಫೇಲ್ಯೂರ್ ಅಂದ್ರೆ ಹಾರ್ಟು ನಿಂತು ಹೋಗುವುದು ಅಂತ ನಾನೂ ತಿಳಿದಿದ್ದೆ. ಅಲ್ಲ ಮಾರಾಯ್ರೇ, ಪಂಪು ಸೋತದ್ದು. ಮೈಯಲ್ಲಿ ನಿಂತ ನೀರು ಕಾಲಿಗೂ ಇಳಿಯುತ್ತದೆ, ಎದೆಗೂ ಏರುತ್ತದೆ.

ಯಾರು ವಾಪಸ್ ಅಡ್ಮಿಟ್ ಆಗ್ತಾರೆ ಅಂತ ಕಂಪ್ಯೂಟರ್ ಮೊದಲೇ ಹೇಳ್ತದಂತೆ ಅಂತ ಮಂಗಳೂರಿನ ಆಫೀಸಲ್ಲಿ ಒಬ್ಬರು ಹೇಳಿದರು. ಕುತೂಹಲಕ್ಕೆ ಅಪ್ಪನ ಡಿಸ್ಚಾರ್ಜ್ ಚೀಟಿ ಹಿಡಿದು ಕೂತೆ. ಕೆನಡಾದವರು 2010ರಲ್ಲಿ ಪ್ರಕಟಿಸಿದ 'ಲೇಸ್' ಎಂಬ ಸ್ಕೋರ್ ಇದೆ, ಕೈಯಲ್ಲೇ ಲೆಕ್ಕ ಹಾಕಬಹುದು. ಆರು ದಿನ ಆಸ್ಪತ್ರೆಯಲ್ಲಿದ್ದರು, 4 ಅಂಕ. ಎಮರ್ಜೆನ್ಸಿಯಲ್ಲಿ ಸೇರಿದ್ದು, 3. ಹಾರ್ಟ್ ಫೇಲ್ಯೂರ್, ಹಳೇ ಅಟ್ಯಾಕ್, ಶುಗರ್ ಮೂರೂ ಸೇರಿ 5. ಹಿಂದಿನ ಆರು ತಿಂಗಳಲ್ಲಿ ಎಮರ್ಜೆನ್ಸಿಗೆ ಹೋಗಿರಲಿಲ್ಲ, ಸೊನ್ನೆ. ಒಟ್ಟು 12. ಹತ್ತು ಮುಟ್ಟಿದರೇ ಅಪಾಯ ಜಾಸ್ತಿ ಅಂತ ಲೆಕ್ಕ.

ಅಂದ್ರೆ ಸ್ಕೋರ್ ಸರಿಯಾಗಿಯೇ ಹೇಳಿತ್ತು, ಅಲ್ವಾ? ಆದರೆ ಯಾಕೆ ಅಂತ ಹೇಳಲಿಲ್ಲ.

ಯಾಕೆ ಅಂತ ಗೊತ್ತಾದದ್ದು ಅಡುಗೆಮನೆಯಲ್ಲಿ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವುದಿಲ್ಲ. ಹಸಿ ಮೀನಿಲ್ಲ. ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿ, ಭರಣಿಯಿಂದ ತೆಗೆದ ಉಪ್ಪುನೀರಿನ ಮಾವಿನಕಾಯಿ. "ಉಪ್ಪು ಕಮ್ಮಿ ಮಾಡಿದ್ದೇವೆ" ಅಂತ ಅಮ್ಮ ಡಾಕ್ಟರಿಗೆ ಹೇಳಿದ್ದು ಸುಳ್ಳಲ್ಲ. ಸಾರಿಗೆ ನಿಜಕ್ಕೂ ಕಮ್ಮಿ ಹಾಕಿದ್ದರು. ಮಾವಿನಕಾಯಿಯದ್ದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ.

ಇನ್ನೊಂದು, ನೀರಿನ ಮಾತ್ರೆ. ಬೆಳಿಗ್ಗೆ ನುಂಗಿದರೆ ಅರ್ಧ ಗಂಟೆಗೊಮ್ಮೆ ಓಡಬೇಕು. ಅಪ್ಪನಿಗೆ ಉಡುಪಿಗೆ ಹೋಗುವುದಿದ್ದರೆ, ಬ್ಯಾಂಕಿಗೋ ಮದುವೆಗೋ, ಆ ದಿನ ಮಾತ್ರೆ ರಜೆ. ಸರ್ವಿಸ್ ಬಸ್ಸಲ್ಲಿ ಯಾರಿಗೆ ಹೇಳುವುದು ನಿಲ್ಲಿಸಿ ಅಂತ? ಸ್ಟ್ರಿಪ್ ಎಣಿಸಿ ನೋಡಿದೆ, ಐದು ಮಾತ್ರೆ ಹೆಚ್ಚಿಗೆ ಉಳಿದಿತ್ತು. ಕೊನೆಯ ಮೂರು ರಾತ್ರಿ ದಿಂಬು ಒಂದರಿಂದ ಮೂರಾಗಿ, ಆಮೇಲೆ ಈಸಿಚೇರಲ್ಲೇ ನಿದ್ದೆ. "ಸೆಕೆ" ಅಂದಿದ್ದರು. ಜುಲೈ ಮಳೆಯಲ್ಲಿ ಎಂತ ಸೆಕೆ! ಎದೆಗೆ ನೀರು ಏರಿ, ಮಲಗಿದರೆ ಉಸಿರು ಕಟ್ಟುತ್ತಿತ್ತು.

ಹಾರ್ಟ್ ಫೇಲ್ಯೂರ್ ವಿಷಯದಲ್ಲಿ ಇಂಥ ಲೆಕ್ಕಗಳು ಅಷ್ಟೇನೂ ಚುರುಕಲ್ಲ. ಮರಳುವವರನ್ನು ಮರಳದವರಿಂದ ಎಷ್ಟು ಸರಿಯಾಗಿ ಬೇರ್ಪಡಿಸುತ್ತವೆ ಅಂತ ಅಳೆಯಲು ಒಂದು ಅಂಕಿ ಇದೆ: 0.5 ಅಂದ್ರೆ ನಾಣ್ಯ ಚಿಮ್ಮಿದ ಹಾಗೆ, 1 ಅಂದ್ರೆ ಒಂದೂ ತಪ್ಪಿಲ್ಲ. ಹೆಚ್ಚಿನವು 0.6, 0.7ರ ನಡುವೆ ಒದ್ದಾಡುತ್ತವೆ. ಮೆಷಿನ್ ಲರ್ನಿಂಗ್ ಬಂದ ಮೇಲೂ ದೊಡ್ಡ ಜಿಗಿತ ಕಾಣಲಿಲ್ಲ. ಫೈಲಲ್ಲಿ ಇದ್ದದ್ದನ್ನು ತಾನೇ ಅವು ಓದುವುದು? ಭರಣಿ ಫೈಲಲ್ಲಿ ಇಲ್ಲ.

ಹಾಗಂತ ಸ್ಕೋರ್ ಬೇಡ ಅನ್ನುವವನಲ್ಲ ನಾನು. ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ತಿಳಿಯಲು ಅದು ಸಾಕು. ನನ್ನ ಸಿಟ್ಟು ಬೇರೆ. ಅಪ್ಪನ ಚೀಟಿಯಲ್ಲಿ ಇದ್ದದ್ದು "ಒಂದು ತಿಂಗಳ ನಂತರ ಬನ್ನಿ". ಮೂರು ದಿನದೊಳಗೆ ಫೋನ್ ಮಾಡಿ, ಒಂದೆರಡು ವಾರದೊಳಗೆ ನೋಡಿ ಅಂತ ಅಮೆರಿಕದ ಹೃದ್ರೋಗ ಮಾರ್ಗಸೂಚಿ 2013ರಲ್ಲೇ ಹೇಳಿತ್ತು. ಅಲ್ಲಿ 2012ರಿಂದ, 30 ದಿನದೊಳಗೆ ಮರಳುವವರು ಮಿತಿಮೀರಿದರೆ ಮೆಡಿಕೇರ್ ಎಂಬ ಸರಕಾರಿ ಆರೋಗ್ಯ ವಿಮೆ ಆಸ್ಪತ್ರೆಗೆ ಕೊಡುವ ಹಣಕ್ಕೇ ಕತ್ತರಿ ಹಾಕುತ್ತದೆ, ಈಗ 3% ವರೆಗೆ. ನಮ್ಮಲ್ಲಿ ವಾಪಸ್ ಬಂದರೆ ಇನ್ನೊಂದು ಬಿಲ್, ಅಷ್ಟೇ. ಒಬ್ಬ ನರ್ಸ್ ಐದನೇ ದಿನ ಫೋನ್ ಮಾಡಿ "ಅಜ್ಜಾ, ರಾತ್ರಿ ಎಷ್ಟು ದಿಂಬು?" ಅಂತ ಕೇಳಲು ಯಾವ ಸಾಫ್ಟ್‌ವೇರ್ ಬೇಕು?

ಈಗ ಬಸ್ಸಿನ ದಿನ ಮಾತ್ರೆ ಯಾವಾಗ ತಗೊಳ್ಳುವುದು ಅಂತ ಡಾಕ್ಟರ್ ಹತ್ತಿರ ಕೇಳಿ ಸಮಯ ಬದಲಿಸಿಕೊಂಡಿದ್ದೇವೆ. ತೂಕದ ಮೆಷಿನ್ ತಂದೆ. ಮೂರು ದಿನದಲ್ಲಿ 2 ಕೆಜಿ ಏರಿದರೆ ಕಾಲು ಬಾಯುವ ತನಕ ಕಾಯದೆ ಫೋನ್ ಮಾಡಬೇಕು. ಅಪ್ಪ ಎದ್ದ ಕೂಡಲೇ ಹತ್ತಿ ನಿಂತು, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯುತ್ತಾರೆ. ಅಮ್ಮ ಅದರ ಫೋಟೋ ವಾಟ್ಸಾಪ್ ಮಾಡುತ್ತಾರೆ. ಮೊನ್ನೆ 61.2, ನಿನ್ನೆ 61.4. ಇವತ್ತಿನ ಫೋಟೋ ಇನ್ನೂ ಬಂದಿಲ್ಲ. ಇರಿ, ಒಂದು ಫೋನ್ ಮಾಡಿ ಬರ್ತೇನೆ.