ಟವಲ್ ಸಾಹೇಬರದು, ಕೀಲಿಕೈ ಕಾಕಾರದು

ಬೆಳಗಾವಿಯಲ್ಲಿ ಈಗ ಅಧಿಕಾರಿಗಳಿಗೆ ನಾಯಕತ್ವ ಕಲಿಸುವ ಹಂಗಾಮು. ಕಚೇರಿಯಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ, ಅದನ್ನು ತಿಳಿದುಕೊಂಡು ಸಿಬ್ಬಂದಿಯಿಂದ ಕೆಲಸ ತೆಗೆಯುವುದು ಹೇಗೆ ಎಂಬುದು ಪಾಠ. ಬೆಂಗಳೂರಿನಿಂದ ಒಬ್ಬರು ಕೋಟು ಹಾಕಿಕೊಂಡು ಬರುತ್ತಾರೆ. ಎಸಿ ಹಾಲ್, ಪರದೆ ಮೇಲೆ ಬಾಣದ ಗುರುತುಗಳು, ಮಧ್ಯಾಹ್ನ ಭರ್ಜರಿ ಊಟ, ಊಟದ ಮೇಲೆ ಅಷ್ಟೇ ಭರ್ಜರಿ ತೂಕಡಿಕೆ, ಸಂಜೆ ಸರ್ಟಿಫಿಕೇಟ್. ಕೋಟಿನವರಿಗೆ ಹೋಗುವಾಗ ಒಂದು ಕಿಲೋ ಕುಂದಾ.

ತಮಾಷೆ ಅಂದರೆ, ಈ ಪಾಠ ಗೊತ್ತಿಲ್ಲದವರು ಜಿಲ್ಲೆಯಲ್ಲಿ ಸಾಹೇಬರು ಮಾತ್ರ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರು ತಪ್ಪಾಗಿದೆ ಎಂದು ಮೊದಲ ಬಸ್ಸಿಗೆ ಬಂದ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವನು ಸಾಹೇಬರ ಚೇಂಬರ್ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಬಾಗಿಲ ಪಕ್ಕದ ಸ್ಟೂಲಿಗೆ ಹೋಗುತ್ತಾನೆ. ಅಲ್ಲಿ ಸಿಪಾಯಿ ಕಾಕಾ ಕೂತಿರುತ್ತಾರೆ.

'ಕಾಕಾರ, ಸಾಹೇಬ್ರು ಅದಾರೇನ್ರಿ?'

'ಅದಾರ.'

'ಭೆಟ್ಟಿ ಆಗ್ತಾರೇನ್ರಿ?'

'ಅದು ಬ್ಯಾರೆ ಮಾತು.'

ಕೋಟಿನವರು ಅರ್ಧ ದಿನ ತೆಗೆದುಕೊಂಡು ಹೇಳುವುದನ್ನು ಕಾಕಾ ಮೂರು ಪದದಲ್ಲಿ ಮುಗಿಸಿದರು.

ಪಾಠದಲ್ಲಿ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರ ಹೆಸರು ಬಂದೇ ಬರುತ್ತದೆ. ಜಾನ್ ಫ್ರೆಂಚ್ ಮತ್ತು ಬರ್ಟ್ರಂ ರೇವನ್. ಒಬ್ಬರ ಮಾತನ್ನು ಇನ್ನೊಬ್ಬರು ಯಾಕೆ ಕೇಳುತ್ತಾರೆ ಎಂದು ಯೋಚಿಸಿ 1959ರಲ್ಲಿ ಐದು ಕಾರಣ ಹೇಳಿದರು. ಹುದ್ದೆ ಇದೆ, ಬಹುಮಾನ ಕೊಡಬಲ್ಲರು, ಶಿಕ್ಷೆ ಕೊಡಬಲ್ಲರು, ವಿಷಯ ಗೊತ್ತಿದೆ, ಜನಕ್ಕೆ ಅವರು ಇಷ್ಟ. ಪಾಪ, ಅವರು ನಮ್ಮ ಕಚೇರಿಗೆ ಬಂದಿರಲಿಲ್ಲ. ಬಂದಿದ್ದರೆ ಐದೂ ಒಂದೇ ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿ ಗಾಬರಿಯಾಗುತ್ತಿದ್ದರು.

ಹುದ್ದೆಯನ್ನೇ ತೆಗೆದುಕೊಳ್ಳಿ. ಸಾಹೇಬರ ಹುದ್ದೆ ಇರುವುದು ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟರ್ಕಿ ಟವಲಿನಲ್ಲಿ. ಅದನ್ನು ಒಗೆಯಲು ಹಾಕುವುದು, ತಂದು ಹೊದಿಸುವುದು ಕಾಕಾ. ಎರಡು ದಿನ ಟವಲ್ ಬರಲಿಲ್ಲ ಎಂದರೆ ಸಾಹೇಬರು ತಾವೇ ಅರ್ಜಿ ಕೊಡಲು ಬಂದವರ ಹಾಗೆ ಕಾಣುತ್ತಾರೆ. ಇನ್ನು ಶಿಕ್ಷೆ. ಸಾಹೇಬರು ಸಿಬ್ಬಂದಿಗೆ ನೋಟಿಸ್ ಕೊಡುತ್ತಾರೆ, ಅದಕ್ಕೆ ಉತ್ತರ ಬರುತ್ತದೆ, ಉತ್ತರಕ್ಕೆ ಮತ್ತೊಂದು ನೋಟಿಸ್. ಅಷ್ಟರಲ್ಲಿ ಸಾಹೇಬರಿಗೆ ವರ್ಗ. ಕಾಕಾ ಈ ಗೋಜಿಗೆ ಹೋಗುವುದಿಲ್ಲ. ಫೈಲನ್ನು ಒಂದು ಕಟ್ಟಿನಿಂದ ತೆಗೆದು ಇನ್ನೊಂದು ಕಟ್ಟಿಗೆ ಸೇರಿಸುತ್ತಾರೆ. ರೆಕಾರ್ಡ್ ರೂಮಿನ ಕೀಲಿಕೈ ಅವರ ಜೇಬಿನಲ್ಲಿ. ಯಾವ ಊರಿನ ಕಟ್ಟು ಯಾವ ರ‍್ಯಾಕಿನಲ್ಲಿದೆ ಎಂಬುದು ಅವರ ತಲೆಯಲ್ಲಿ. ಬೇರೆಲ್ಲೂ ಬರೆದಿಟ್ಟಿಲ್ಲ.

'ಈಗ ಎಲ್ಲಾ ಕಂಪ್ಯೂಟರ್ ಅಲ್ವಾ?' ಅಂತೀರಿ. ಹೌದು. ಕಾಕಾರ ಜೊತೆಗೆ, ಎಲ್ಲರೂ 'ತಮ್ಮ' ಎಂದು ಕರೆಯುವ ಕಂಪ್ಯೂಟರ್ ಆಪರೇಟರ್ ಹುಡುಗನೂ ಸೇರಿಕೊಂಡ, ಅಷ್ಟೇ. ಅವನು ಗುತ್ತಿಗೆಯವನು. ಸಂಬಳ ತಿಂಗಳು ತಿಂಗಳು ಬಂದರೆ ಪುಣ್ಯ. ಆದರೆ ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್‌ನಂಥದ್ದು, ಅವನ ಡ್ರಾಯರಿನಲ್ಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಡಿಜಿಟಲ್ ಸಹಿಗೆ ಕೈಸಹಿಯಷ್ಟೇ ಬೆಲೆ. ಅದನ್ನು ಜೋಪಾನ ಮಾಡುವ ಹೊಣೆ ಸಹಿಯ ಒಡೆಯರದೇ. ಒಡೆಯರು ಜೋಪಾನ ಮಾಡಿದ್ದಾರೆ. ಪಾಸ್‌ವರ್ಡ್ ಮರೆಯಬಾರದು ಎಂದು ಚೀಟಿಯಲ್ಲಿ ಬರೆಸಿ ಮಾನಿಟರಿಗೆ ಅಂಟಿಸಿದ್ದಾರೆ. ಅದರಲ್ಲಿ ಸಾಹೇಬರ ಹಿರಿ ಮಗಳ ಹೆಸರಿದೆ. ಆ ಹುಡುಗಿಯ ಹೆಸರು ಈಗ ಚಹಾದಂಗಡಿಯವನಿಗೂ ಗೊತ್ತು.

ಜನರಿಗೂ ಒಂದಿಷ್ಟು ಅಧಿಕಾರ ಇರಲಿ ಎಂದು ಸರ್ಕಾರ, ಕಚೇರಿ ಕೆಲಸ ಗಡುವಿನೊಳಗೆ ಮುಗಿಯಬೇಕು ಎನ್ನುವ ಸಕಾಲ ಕಾಯ್ದೆ ತಂದಿತು. 2012ರ ಏಪ್ರಿಲ್‌ನಿಂದ ಜಾರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಲೆಕ್ಕ ಹಾಕಿ. 25 ದಿನಕ್ಕೆ 500 ಮುಗಿಯಿತು. 26ನೇ ದಿನದಿಂದ ತಡ ಮಾಡುವುದು ಪುಕ್ಕಟೆ. ಅದೂ ಅರ್ಜಿಗೆ ಜಿಎಸ್‌ಸಿ ನಂಬರ್, ಅಂದರೆ ಸಕಾಲದಲ್ಲಿ ದಾಖಲಾದ ಸಂಖ್ಯೆ, ಸಿಕ್ಕರೆ. 'ಅರ್ಜಿ ಇಲ್ಲಿಟ್ಟು ಹೋಗ್ರಿ, ಸಾಹೇಬ್ರು ಬಂದ್ ಮ್ಯಾಲ ನಂಬರ್ ಹಾಕೂಣಂತ' ಎಂದುಬಿಟ್ಟರೆ ಗಡಿಯಾರ ಶುರುವಾಗುವುದೇ ಇಲ್ಲ.

ಡಿಸೆಂಬರ್ ಬಂತೆಂದರೆ ಇನ್ನೊಂದು ಸೊಗಸು. ಸುವರ್ಣ ವಿಧಾನಸೌಧ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ಕಟ್ಟಡ. ಅಧಿಕಾರ ಈ ಭಾಗದ ಜನರ ಹತ್ತಿರ ಬರಲಿ ಎಂಬುದು ಆಶಯ. ಬರುತ್ತದೆ, ಸುಮಾರು ಹತ್ತು ದಿನ ಇರುತ್ತದೆ, ಕುಂದಾ ಕಟ್ಟಿಸಿಕೊಂಡು ಹೋಗುತ್ತದೆ. ಆ ದಿನಗಳಲ್ಲಿ ಜಿಲ್ಲೆಯ ಕಚೇರಿಗಳಲ್ಲಿ ಯಾರೂ ಸಿಗುವುದಿಲ್ಲ. ಎಲ್ಲರಿಗೂ ಅಧಿವೇಶನ ಡ್ಯೂಟಿ. ಒಬ್ಬರು ರೂಮ್ ನೋಡಿಕೊಳ್ಳಬೇಕು, ಒಬ್ಬರು ಗಾಡಿ, ಇನ್ನೊಬ್ಬರು ಊಟ. ವರ್ಷವಿಡೀ ಜನರನ್ನು ನಿಲ್ಲಿಸಿ ಮಾತಾಡಿಸುವ ಸಾಹೇಬರು ಆಗ ಯಾರದೋ ಪಿಎಗೆ ಬಿಸಿನೀರು ಬಂತಾ ಎಂದು ವಿಚಾರಿಸುತ್ತ ನಿಂತಿರುತ್ತಾರೆ. ನಾಯಕತ್ವದ ತರಬೇತಿಯವರು ಈ ಹತ್ತು ದಿನಗಳಲ್ಲಿ ಬಂದರೆ ಪರದೆಯೂ ಬೇಕಿಲ್ಲ, ಬಾಣವೂ ಬೇಕಿಲ್ಲ.

ಒಬ್ಬ ಸಾಹೇಬರು ಮಾತ್ರ ತರಬೇತಿಯನ್ನು ಮನಸ್ಸಿಗೆ ಹಚ್ಚಿಕೊಂಡರು. ಮರುದಿನವೇ ಡಾಂಗಲ್ ಇಸಿದುಕೊಂಡರು. ಪಾಸ್‌ವರ್ಡ್ ಬದಲಾಯಿಸಿದರು. ಬದಲಾಯಿಸಿದ್ದನ್ನು ಮರೆತರು. ಮೂರು ಸಲ ತಪ್ಪು ಒತ್ತಿ ಡಾಂಗಲ್ ಲಾಕ್ ಆಯಿತು. ಇಡೀ ವಾರ ಒಂದೂ ಸಹಿ ಇಲ್ಲ. ಸೋಮವಾರ ಡಾಂಗಲ್ ತಾನಾಗಿಯೇ ತಮ್ಮನ ಡ್ರಾಯರ್ ಸೇರಿತು.

ಆದರೂ ಸಾಹೇಬರು ಸೋಲಲಿಲ್ಲ. ರೆಕಾರ್ಡ್ ರೂಮಿನ ಕೀಲಿಕೈ ತಮ್ಮ ಮೇಜಿನ ಮೇಲೆ ಇರಬೇಕು ಎಂದು ಮೆಮೊ ಹೊರಡಿಸಿದರು. ಕಾಕಾ 'ಆತ್ರಿ ಸಾಹೇಬ್ರ' ಎಂದರು. ಎಷ್ಟು ವಿನಯ! ಸಾಹೇಬರಿಗೆ ಆಗಲೇ ಅನುಮಾನ ಬರಬೇಕಿತ್ತು.

ಫ್ರೆಂಚ್ ಮತ್ತು ರೇವನ್ ಐದು ಬಲ ಹೇಳಿದರಲ್ಲ, ರೇವನ್ 1965ರಲ್ಲಿ ಆರನೆಯದನ್ನು ಸೇರಿಸಿದರು. ಸುದ್ದಿ ಯಾರ ಹತ್ತಿರ ಇದೆಯೋ ಅವರ ಬಲ. ಅಷ್ಟೊತ್ತಿಗೆ ಊಟದ ಗಂಟೆ ಆಗಿರುವುದರಿಂದ ಕೋಟಿನವರು ಈ ಸ್ಲೈಡನ್ನು ಸರಸರ ದಾಟಿಸಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಸಾಹೇಬರು ಮೀಟಿಂಗ್ ನಡೆಸುತ್ತಿದ್ದರು. ಬಾಗಿಲು ತಳ್ಳಿಕೊಂಡು ಪೇಂಟರ್ ಒಳಗೆ ಬಂದ. ಕೈಯಲ್ಲಿ ಬ್ರಷ್, ಬಿಳಿ ಬಣ್ಣದ ಡಬ್ಬಿ. ಗೋಡೆ ಮೇಲೆ ಹಿಂದಿನ ಅಧಿಕಾರಿಗಳ ಹೆಸರಿನ ಉದ್ದ ಹಲಗೆ, ಪ್ರತಿ ಹೆಸರಿನ ಮುಂದೆ 'ಇಂದ', 'ವರೆಗೆ'. ಕೊನೆಯ ಸಾಲಿನಲ್ಲಿ 'ವರೆಗೆ' ಖಾಲಿ ಇತ್ತು.

'ಸಾಹೇಬ್ರ, ಕಾಕಾರು ಫೋನ್ ಮಾಡಿದ್ರು. ಇಲ್ಲಿ ಇವತ್ತಿಂದ ತಾರೀಖ ಹಾಕ್ಲ್ಯೋ, ನಾಳಿದ ಹಾಕ್ಲ್ಯೋ?'

ವರ್ಗಾವಣೆ ಆದೇಶ ಸಾಹೇಬರ ಮೊಬೈಲಿಗೆ ಬಂದಿದ್ದು ಅಂದು ಸಂಜೆ ಆರಕ್ಕೆ.